ಕೋದಂಡಪ್ಪ ಕೊಂಡ ಮಡಿಸುವ ಚಾಕು

ಕೋದಂಡಪ್ಪ ಹೋದ ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಎದೆನೋವು. ಐವತ್ತಾರು ವರ್ಷವಾಗಿತ್ತು.

ಗಣಿ ಕೆಲಸಗಾರರ ಮನೆಸಾಲಾದ ಕೋರಮಂಡಲ್ ಲೈನಿನಲ್ಲಿ ಈಗ ಎಲ್ಲರೂ ಅವನ ಶಾಂತ ಸ್ವಭಾವವನ್ನು ಹೊಗಳುತ್ತಿದ್ದಾರೆ. ಶಾಂತನಂತೆ! ಒಂದು ತೆಂಗಿನಕಾಯಿ ಕೊಳ್ಳಲು ಹದಿನಾರು ಕಾಯಿ ಅಲ್ಲಾಡಿಸಿ, ಹದಿನೇಳನೆಯದನ್ನು ಕಿವಿಗೆ ಹಿಡಿದು, ಕೊನೆಗೆ ಮೊದಲನೆಯದನ್ನೇ ತರುತ್ತಿದ್ದ ಮನುಷ್ಯ ಅವನು. ಜೊತೆಗೆ ಹೋದವರು ಶಾಂತವಾಗಿರಬೇಕಾಗಿತ್ತು, ಅಷ್ಟೆ. ಅವನ ಬಗ್ಗೆ ನಿಜ ಹೇಳಬೇಕೆಂದರೆ ಐವತ್ತೊಂಬತ್ತನೇ ಇಸವಿಯ ಚಾಕುವಿನ ಸಂಗತಿ ಹೇಳಬೇಕು.

ಆಗ ಕೋದಂಡಪ್ಪ ಮೈಸೂರು ಮೈನ್ಸಿನ ಲ್ಯಾಂಪ್ ರೂಮಿನಲ್ಲಿದ್ದ. ಗಣಿಗೆ ಇಳಿಯುವವರಿಗೆ ತಲೆದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸು ಪಡೆಯುವುದು ಅವನ ಕೆಲಸ. ಪಾಳಿ ಮುಗಿದ ಮೇಲೆ ಯಾರೇ ಆಗಲಿ ಗೇಟಿನಲ್ಲಿ ಜಡ್ತಿ ಕೊಟ್ಟೇ ಹೊರಗೆ ಬರಬೇಕು. ಎರಡೂ ಕೈ ಮೇಲೆತ್ತಿಸಿ ಜೇಬು, ಬುತ್ತಿ, ಚಪ್ಪಲಿ, ಬಾಯಿ, ಎಲ್ಲವನ್ನೂ ನೋಡುತ್ತಾರೆ. ಚಿನ್ನದ ಗಣಿಯಲ್ಲವೇ. ಅನುಮಾನ ಬಂತೆಂದರೆ ಕೆಲಸ ಹೋಯಿತು, ಕೆಲಸದ ಜೊತೆ ಲೈನ್ ಮನೆಯೂ ಹೋಯಿತು, ಮಾನದ ಮಾತಂತೂ ಬೇಡ. ಇಪ್ಪತ್ತೆರಡು ವರ್ಷ ಆ ಗೇಟಿನಿಂದ ತಲೆಯೆತ್ತಿಕೊಂಡು ಹೊರಗೆ ಬಂದದ್ದು ಕೋದಂಡಪ್ಪನ ಪಾಲಿಗೆ ಹತ್ತು ಎಕರೆ ತರಿ ಜಮೀನಿದ್ದ ಹಾಗೆ. ಗೇಟಿನ ಮುನಿಸ್ವಾಮಪ್ಪ ಇವನ ಜೇಬಿಗೆ ಕೈ ಹಾಕುವುದನ್ನೇ ಬಿಟ್ಟು ವರ್ಷಗಳಾಗಿದ್ದವು.

ಲ್ಯಾಂಪ್ ರೂಮಿನಲ್ಲಿ ಚಾಕು ಇಲ್ಲದೆ ದಿನ ಕಳೆಯುವುದಿಲ್ಲ. ಬ್ಯಾಟರಿ ತುದಿಯ ಹಸಿರು ಕಿಲುಬು ಕೆರೆಯಬೇಕು, ಹುರಿ ಕತ್ತರಿಸಬೇಕು, ಅಡಿಕೆ ಚೂರು ಮಾಡಬೇಕು, ಸೀಬೆಹಣ್ಣಿನ ಕಾಲದಲ್ಲಿ ಸೀಬೆಹಣ್ಣು. ಇದೆಲ್ಲವನ್ನೂ ಕೋದಂಡಪ್ಪ ಹನ್ನೆರಡು ವರ್ಷ ಜೊತೆಗಾರ ಕುಪ್ಪುಸ್ವಾಮಿಯ ಚಾಕುವಿನಲ್ಲೇ ನಡೆಸಿದ. ಒಂದು ದಿನ ಕುಪ್ಪುಸ್ವಾಮಿ ಬಹಳ ವಿನಯದಿಂದ, “ಅಣ್ಣ, ಇದನ್ನ ನೀವೇ ಮನೆಗೆ ತಗೊಂಡೋಗಿಬಿಡಿ. ನಂಗೆ ಬೇಕಾದಾಗ ನಾನೇ ನಿಮ್ಮತ್ರ ಕೇಳ್ತೀನಿ” ಅಂದ.

ರೋಷ ಬಂತು. ಆ ಸಂಜೆಯೇ ಕೋದಂಡಪ್ಪ ಹೆಂಡತಿ ಮುನಿರತ್ನಮ್ಮನ ಎದುರು ಶಪಥ ಮಾಡಿದ. ಕೊಂಡರೆ ಎಂಥ ಚಾಕು ಕೊಳ್ಳಬೇಕೆಂದರೆ, ಮೂರು ಪಾಳಿಯ ಜನ ಸಾಲುಗಟ್ಟಿ ಬಂದು ನೋಡಿಹೋಗಬೇಕು! ಅದು ಮಡಿಸುವಂಥದ್ದಾಗಿರಬೇಕು, ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳಬಾರದು, ಹೆಬ್ಬೆರಳ ಉಗುರಿಗೆ ಬಿಚ್ಚಿಕೊಳ್ಳಬೇಕು, ನಾಲ್ಕು ಬೆರಳಿಗಿಂತ ಉದ್ದ ಇರಬಾರದು, ಒಂದು ಜೊತೆ ಚಪ್ಪಲಿಗಿಂತ ದುಬಾರಿಯಾಗಬಾರದು. ಇಷ್ಟು ಗುಣ ಇರುವ ವಸ್ತು ಭೂಲೋಕದಲ್ಲಿ ಇದೆಯೇ ಎಂದು ಮುನಿರತ್ನಮ್ಮ ಯೋಚಿಸುವಷ್ಟರಲ್ಲಿ ಹುಡುಕಾಟ ಶುರುವಾಗಿಯೇ ಬಿಟ್ಟಿತು.

ಮೊದಲನೇ ಭಾನುವಾರ ರಾಬರ್ಟ್‌ಸನ್‌ಪೇಟೆ. ಅಲ್ಲಿ ಜಿಂಕೆಕೊಂಬಿನ ಹಿಡಿಯ ವಿಲಾಯಿತಿ ಚಾಕು ಸಿಕ್ಕಿತು. ಬೆಲೆ ಕೇಳಿದ ಮೇಲೆ ಕೋದಂಡಪ್ಪ ಅದನ್ನು ಪಕ್ಕದ ಮನೆಯವರ ನಿದ್ದೆಹೋದ ಕೂಸನ್ನು ಮಲಗಿಸುವಂತೆ ಮೆಲ್ಲಗೆ ಗಾಜಿನ ಮೇಲಿಟ್ಟು ಹೊರಗೆ ಬಂದ. ಎರಡನೇ ಭಾನುವಾರ ರೈಲು ಹತ್ತಿ ಬಂಗಾರಪೇಟೆ. ಗೋಣಿತಾಟಿನ ಮೇಲೆ ರಾಶಿ ಹಾಕಿದ್ದ ಚಾಕುಗಳ ಅಲಗು ಆರು ವರ್ಷದ ಮಕ್ಕಳ ಮುಂದಿನ ಹಲ್ಲಿನಂತೆ ಅಲ್ಲಾಡುತ್ತಿತ್ತು. ಮೂರನೇ ಭಾನುವಾರ ಹೆಂಡತಿಯ ತವರು ಬೂದಿಕೋಟೆಯ ಕಮ್ಮಾರನ ಹತ್ತಿರ ಹೋದ. ಕಮ್ಮಾರ ತಿದಿ ಒತ್ತುತ್ತಲೇ, ಮಡಿಸೋದು ಕೊಡೆ, ಚಾಕು ಯಾಕೆ ಮಡಿಸಬೇಕು ಎಂದು ಕೇಳಿದ. ಬೇಕಾದರೆ ಒಂದು ಕುಡುಗೋಲು ಮಾಡಿಕೊಡುತ್ತೇನೆ ಎಂದ.

ನಾಲ್ಕನೇ ಭಾನುವಾರ ಚಪ್ಪಲಿ ಮೆಟ್ಟುತ್ತಿದ್ದವನನ್ನು ಮುನಿರತ್ನಮ್ಮ ಬಾಗಿಲಲ್ಲಿ ತಡೆದಳು.

“ನನ್ನ ನೋಡಾಕೆ ಬಂದಾಗ ಒಂದು ಲೋಟ ಕಾಪಿ ಕುಡಿಯಾದ್ರೊಳಗೆ ಒಪ್ಕಂಡ್ರಿ. ಒಂದು ಚಾಕಿಗೆ ನಾಕು ವಾರವಾ?”

“ಅದು ದಿನಾ ಜೊತೇಲಿರಾದು ಕಣೆ. ನೋಡಿ ತರಬೇಕು.”

“ಮತ್ತೆ ನಾನು?”

ಕೋದಂಡಪ್ಪ ರೈಲಿಗೆ ಹೊತ್ತಾಯಿತೆಂದು ಹೊರಟುಬಿಟ್ಟ. ಅವನು ಹೋಗಬೇಕಾಗಿದ್ದದ್ದು ಒಂದು ಮೈಲಿ ಆಚೆಯ ರಾಬರ್ಟ್‌ಸನ್‌ಪೇಟೆಗೆ, ನಡೆದುಕೊಂಡು.

ಅಂತೂ ಚಾಕು ಬಂತು. ಮರದ ಹಿಡಿ, ಹಿಡಿಯ ಒಳಗೆ ಎರಡು ಹಿತ್ತಾಳೆ ತಗಡು, ನಡುವೆ ಮಿರಮಿರನೆ ಅಲಗು. ಹೇಳಿದ ಗುಣಗಳೆಲ್ಲ ಇದ್ದವು, ಒಂದನ್ನು ಬಿಟ್ಟು. ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ಅಂಗಡಿಯವನು ಬಿಚ್ಚಿ ತೋರಿಸಿದ್ದ. ಆ ಅಂಗಡಿಯವನನ್ನು ಜೇಬಿನಲ್ಲಿಟ್ಟುಕೊಂಡು ತಿರುಗಲಾದೀತೆ? ಹೆಬ್ಬೆರಳ ಉಗುರು ಮುರಿಯಿತು. ಹಲ್ಲು ಹಾಕಿದ, ಹಲ್ಲು ಜುಮ್ಮೆಂದಿತು. ಇಕ್ಕಳ ಹಾಕಿ ಬಿಚ್ಚಿದ, ಮಡಿಸಲು ಬಾಗಿಲ ಸಂದಿಗೆ ಸಿಕ್ಕಿಸಿ ತಳ್ಳಿದ. ಮುನಿರತ್ನಮ್ಮ ಹರಳೆಣ್ಣೆ ಬಿಟ್ಟಳು. ಈಗ ಚಾಕು ಬಿಗಿಯಾಗಿಯೂ ಇತ್ತು, ಜಾರುತ್ತಲೂ ಇತ್ತು.

ಕೊನೆಗೆ ಅವನೇ ಒಂದು ಸಣ್ಣ ಅರ ತಂದು ಜಗಲಿಯ ಮೇಲೆ ಕೂತು, ಒಳಗಿನ ಹಿತ್ತಾಳೆ ತಗಡನ್ನು ಎರಡು ಗಂಟೆ ಉಜ್ಜಿದ. ಅಲಗು ಸಡಿಲಾಯಿತು. ಬೆರಳು ಸೋಕಿದರೆ ಸಾಕು, ನೆಂಟರನ್ನು ಕಂಡ ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು. ಎಣ್ಣೆ ಕುಡಿದ ಸಂದಿಯಲ್ಲಿ ಹಿತ್ತಾಳೆಯ ಪುಡಿ ಮೆತ್ತಿಕೊಂಡದ್ದನ್ನು ಅವನು ನೋಡಲಿಲ್ಲ. ನೋಡಿದ್ದರೂ ಒರೆಸುತ್ತಿರಲಿಲ್ಲವೇನೋ. ಹೊಳೆಯುತ್ತಿತ್ತಲ್ಲ.

ಸೋಮವಾರ ಲ್ಯಾಂಪ್ ರೂಮಿನಲ್ಲಿ ಆ ಚಾಕು ನಲವತ್ತು ಸಲ ಬಿಚ್ಚಿಕೊಂಡಿತು, ನಲವತ್ತು ಸಲ ಮಡಚಿಕೊಂಡಿತು. ಕುಪ್ಪುಸ್ವಾಮಿ ತನ್ನ ಹಳೆಯ ಚಾಕುವಿನಲ್ಲಿ ಸೀಬೆಹಣ್ಣು ಕೊಯ್ದು ತಿಂದ. ಪಾಳಿ ಮುಗಿಯಿತು. ಗೇಟಿನಲ್ಲಿ ಮುನಿಸ್ವಾಮಪ್ಪ ಎಂದಿನಂತೆ ಇವನಿಗೆ ಹೋಗೆಂದು ಕೈಸನ್ನೆ ಮಾಡಿದ. ಹೋಗಬಹುದಾಗಿತ್ತು. ಯಾವ ಕೇಡುಗಾಲವೋ, ಕೋದಂಡಪ್ಪ ನಿಂತ. ಹಿಂದೆ ಅರವತ್ತು ಜನ ಮನೆಗೆ ಹೋಗಲು ಕಾಯುತ್ತಿದ್ದಾಗ ಜೇಬಿನಿಂದ ಚಾಕು ತೆಗೆದು, ಬಿಚ್ಚಿ, ನೋಡು ಮುನಿಸ್ವಾಮಿ ಎಂದು ಕೊಟ್ಟ.

ಮುನಿಸ್ವಾಮಪ್ಪ ನೋಡಿದ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಎಣ್ಣೆಯ ಸಂದಿಯಲ್ಲಿ ಹಳದಿ ಪುಡಿ ಮಿಣಮಿಣ ಮಿನುಗುತ್ತಿತ್ತು.

“ಅಣ್ಣ, ಇದೇನು?”

“ಇತ್ತಾಳೆ ಕಣಪ್ಪಾ.”

“ಎಲ್ರೂ ಇತ್ತಾಳೆ ಅಂತಾನೇ ಅಣ್ಣ ಏಳಾದು.”

ಹಿಂದಿನ ಅರವತ್ತು ಜನ ಒಮ್ಮೆಗೇ ಕತ್ತು ಚಾಚಿದರು. ಮುನಿಸ್ವಾಮಪ್ಪನಿಗೆ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಕಾಯಿದೆ ಎಂದರೆ ಕಾಯಿದೆ. ಚಾಕುವನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ. ಲೋಹ ಪರೀಕ್ಷೆಯಾಗಿ ಬರುವ ತನಕ ಕೋದಂಡಪ್ಪ ಕೆಲಸಕ್ಕೆ ಬರುವಂತಿಲ್ಲ ಎಂದಾಯಿತು.

ಮಿಕ್ಕವರಾಗಿದ್ದರೆ ಮನೆಯಲ್ಲಿ ಮುಸುಕು ಹಾಕಿ ಮಲಗುತ್ತಿದ್ದರು. ಕೋದಂಡಪ್ಪನಿಗೆ ಬುದ್ಧಿ ಓಡಿತು. ಆ ಪುಡಿ ತನ್ನ ಜಗಲಿಯಲ್ಲಿ ಹುಟ್ಟಿದ್ದು ಎಂದು ರುಜುವಾತು ಮಾಡಬೇಕಲ್ಲ? ಮಂಗಳವಾರ ಬೆಳಿಗ್ಗೆ ಜಗಲಿಯ ಮೇಲೆ ಉಳಿದಿದ್ದ ಪುಡಿಯನ್ನು ಬೆರಳಲ್ಲಿ ಒರೆಸಿ ಒರೆಸಿ ಪೊಟ್ಟಣ ಕಟ್ಟಿ, ತಾನಾಗಿ ಗೇಟಿಗೆ ಹೋಗಿ ಒಪ್ಪಿಸಿದ. ಅಲ್ಲಿದ್ದ ಮೇಲಿನವರು ಪೊಟ್ಟಣವನ್ನೂ ಇವನ ಮುಖವನ್ನೂ ನೋಡಿ ಒಂದೇ ಮಾತು ಕೇಳಿದರು: ಮನೆಯಲ್ಲಿ ಇನ್ನೂ ಎಷ್ಟಿದೆ? ಮಧ್ಯಾಹ್ನ ಇಬ್ಬರು ಕಾವಲಿನವರು ಬಂದು, ಮುನಿರತ್ನಮ್ಮನ ಪೊರಕೆಯನ್ನೇ ಇಸಿದುಕೊಂಡು, ಜಗಲಿಯ ಬಿರುಕು ಬಿರುಕನ್ನೂ ಗುಡಿಸಿ ಇನ್ನೊಂದು ಪೊಟ್ಟಣ ಕಟ್ಟಿದರು. ಇಷ್ಟು ಚೊಕ್ಕಟವಾಗಿ ಆ ಜಗಲಿಯನ್ನು ಯಾರೂ ಯಾವ ಹಬ್ಬಕ್ಕೂ ಗುಡಿಸಿರಲಿಲ್ಲ.

ಲೈನಿನಲ್ಲಿ ಅರ್ಧ ಜನ ಬಂದು ಸಮಾಧಾನ ಹೇಳಿದರು. ಉಳಿದರ್ಧ ಜನ ಹೊಸ ಮರ್ಯಾದೆಯಿಂದ ನಮಸ್ಕಾರ ಮಾಡಿದರು, ಅದು ಇನ್ನೂ ಕೆಟ್ಟದಾಗಿತ್ತು. ಬುಧವಾರ ಬಂಗಾರಪೇಟೆಯಿಂದ ಗುರುತಿಲ್ಲದ ಒಬ್ಬ ಎಲೆಯಡಿಕೆ ಹಿಡಿದು ಬಂದು ಜಗಲಿಯ ಮೇಲೆ ಕೂತು, ದನಿ ತಗ್ಗಿಸಿ, ಉಳಿದದ್ದೇನಾದರೂ ಇದ್ದರೆ ತಾನು ಕರಗಿಸಿಕೊಡುವುದಾಗಿ ಹೇಳಿದ. ಮುನಿರತ್ನಮ್ಮ ಅದೇ ಪೊರಕೆಯಲ್ಲಿ ಅವನನ್ನು ರೈಲ್ವೆ ಗೇಟಿನವರೆಗೆ ಕಳಿಸಿಬಂದಳು. ಬಂದು ನೋಡಿದರೆ ಕೋದಂಡಪ್ಪ ಗೋಡೆಗೆ ಒರಗಿ ಕೂತಿದ್ದ. ಬೆಳಿಗ್ಗೆ ಇಟ್ಟ ಮುದ್ದೆ ತಟ್ಟೆಯಲ್ಲಿ ಹಾಗೇ ಇತ್ತು. ಇಪ್ಪತ್ತೆರಡು ವರ್ಷ, ಎಂದು ಒಂದು ಸಲ ಅಂದ. ಅವಳು ಅವತ್ತು ಅವನನ್ನು ಬೈಯಲಿಲ್ಲ. ಪೊರಕೆ ಮೂಲೆಗಿಟ್ಟು ಪಕ್ಕದಲ್ಲಿ ಕೂತಳು.

ಶುಕ್ರವಾರ ಕಾಗದ ಬಂತು, ಚಾಕೂ ವಾಪಸು ಬಂತು. ಮೂರು ಮಾದರಿ, ಮೂರೂ ಹಿತ್ತಾಳೆ. ಚಿನ್ನದ ಅಂಶ: ಇಲ್ಲ. ಕೋದಂಡಪ್ಪ ಆ ಕಾಗದವನ್ನು ಗೇಟಿನಿಂದ ಮನೆಯವರೆಗೆ ಎದುರಿಗೆ ಸಿಕ್ಕವರಿಗೆಲ್ಲ ಓದಿ ಹೇಳುತ್ತ ಬಂದ. ಹೊಸಿಲ ಮೇಲೆ ನಿಂತು ಹೆಂಡತಿಗೂ ಓದಿದ. ಗುಬ್ಬಿಗೂಡಿನಷ್ಟಾಗಿದ್ದ ಎದೆ ಮತ್ತೆ ಗೋಪುರದಷ್ಟಾಗಿತ್ತು. ಮುನಿರತ್ನಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ಇಪ್ಪತ್ತೆರಡು ವರ್ಷ ಚಿನ್ನದ ಗಣೀಲಿ ದುಡಿದ್ರಿ. ಮನೆಯೆಲ್ಲ ಗುಡಿಸಿದ್ರೂ ಒಂದು ಚೂರು ಚಿನ್ನ ಇಲ್ಲ ಅಂತ ರುಜು ಹಾಕಿ ಕೊಟ್ಟವ್ರೆ. ಆ ಕಾಗದ ಇಲ್ಲಿ ಕೊಡಿ, ನಮ್ಮಪ್ಪಂಗೆ ಕಳಿಸ್ಬೇಕು. ಮದುವೆಗೆ ಮುಂಚೆ ವಿಚಾರಿಸ್ಲಿಲ್ಲ ಅವ್ರು.”

ಕೋದಂಡಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕಲು ಕೂತ.

ಇದಾಗಿ ಏಳು ವರ್ಷ. ಹೋದ ಭಾನುವಾರ ಎದೆನೋವು ಬಂದು ಅವನನ್ನು ಆಸ್ಪತ್ರೆಗೆ ಸೇರಿಸಿದರು. ಸೋಮವಾರ ಬೆಳಿಗ್ಗೆ ಕುಪ್ಪುಸ್ವಾಮಿ ಕಿತ್ತಳೆಹಣ್ಣು ತಂದು ಮಂಚದ ಪಕ್ಕ ಕೂತಿದ್ದ. ಮುನಿರತ್ನಮ್ಮ ಕಾಲು ನೀವುತ್ತಿದ್ದಳು. ಊರಿಗೆ ಹೊಸಬರಾದ ಚಿಕ್ಕ ವಯಸ್ಸಿನ ಡಾಕ್ಟರು ಬಂದು, ಸ್ವಲ್ಪ ನೋಡಬೇಕು ಎಂದರು. ಕೋದಂಡಪ್ಪ ಕಣ್ಣು ಬಿಟ್ಟ. ದಿಂಬಿನ ಕೆಳಗೆ ತಡಕಾಡಿ ಚಾಕು ತೆಗೆದ. ಅದನ್ನು ಬಿಚ್ಚಿ, ಸಂದಿ ಬೆಳಕಿಗೆ ಕಾಣುವಂತೆ ತಿರುಗಿಸಿ, ಸ್ಟೂಲಿನ ಮೇಲಿಟ್ಟ.

“ಇತ್ತಾಳೆ ಸಾಮಿ” ಅಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ, ಆಗಲಿ ಎಂದು ತಲೆಯಾಡಿಸಿದರು. ಆಮೇಲೆ ಕೋದಂಡಪ್ಪ, ಪಾಳಿ ಮುಗಿಸಿ ಗೇಟಿನಲ್ಲಿ ನಿಂತವನ ಹಾಗೆ, ಜಡ್ತಿಗೆಂದು ಎರಡೂ ಕೈಗಳನ್ನು ಮೇಲೆತ್ತಿದ.