ಗುಟ್ಟಿಗೆ ಎಷ್ಟು ವರ್ಷ?

ಹೇಳಿದ ಬೆಲೆಗೆ ವಸ್ತು ಕೊಂಡ ದಿನ ನನಗೆ ಊಟ ಸೇರುವುದಿಲ್ಲ. ಮೊಗ್ರಾಲಿನಲ್ಲಿ ಮೀನು ಕೊಳ್ಳುವಾಗ ಬಿಡಿ, ಹಲ್ಲು ಕೀಳುವ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಚೌಕಾಸಿ ಮಾಡಿದವನು ನಾನು. "ಒಟ್ಟಿಗೆ ಎರಡು ಕಿತ್ತರೆ ಎಷ್ಟಕ್ಕೆ ಬಿಡ್ತೀರಿ?" ಎಂದು ಕೇಳಿದ್ದೆ, ಎರಡನೆಯ ಹಲ್ಲು ಗಟ್ಟಿಯಾಗಿಯೇ ಇತ್ತು ಎಂಬುದು ಬೇರೆ ಮಾತು. ನಿಮಗೂ ಹೇಳುತ್ತೇನೆ: ಮೊದಲ ಮಾತನ್ನು ಒಪ್ಪಬೇಡಿ. ಎದ್ದು ಹೊರಟ ಹಾಗೆ ಮಾಡಿ, ಬಾಗಿಲ ಹತ್ತಿರ ನಿಧಾನಿಸಿ. ಹಿಂದಿನಿಂದ ಕರೆದೇ ಕರೆಯುತ್ತಾರೆ. ಬರಿಗೈಯಲ್ಲಿ ಹೊರಟ ನಾನು ಸೀತಾಂಗೋಳಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟದ್ದು ಈ ಒಂದು ವಿದ್ಯೆಯ ಬಲದಿಂದ.

ಲ್ಯಾಬ್ ಇಟ್ಟ ಮೇಲೆ ಒಂದು ಸಂಗತಿ ತಿಳಿಯಿತು. ನಮ್ಮ ಕಡೆಯವರು ಸಕ್ಕರೆ, ಕೊಲೆಸ್ಟರಾಲ್ ನೋಡಿಸಲು ಹತ್ತಿರದ ಲ್ಯಾಬಿಗೆ ಬರುತ್ತಾರೆ; ಹೆದರಿಕೆಯ ಕಾಯಿಲೆಯಾದರೆ ಬಸ್ಸು ಹತ್ತುತ್ತಾರೆ. ಮೊಗ್ರಾಲಿನವರು ಸೀತಾಂಗೋಳಿಗೆ, ಸೀತಾಂಗೋಳಿಯವರು ಮಂಗಳೂರಿಗೆ. ಕಾಯಿಲೆ ದೊಡ್ಡದಾದಷ್ಟು ಟಿಕೆಟ್ ಉದ್ದ. ಈ ಜಿಲ್ಲೆಯ ಗುಟ್ಟುಗಳನ್ನು ಇಷ್ಟು ಕಾಲ ಕಾದದ್ದು ಬಸ್ಸುಗಳೇ. ಕಾರಡ್ಕದ ಯಶೋದಾ ಎರಡು ಬಸ್ಸು ಬದಲಿಸಿ ನನ್ನಲ್ಲಿಗೆ ಬಂದದ್ದೂ ಹಾಗೆಯೇ. ಅವಳ ಅಪ್ಪ ಒಂದು ಹನಿ ಕುಡಿಯದೆ ಕುಡುಕನ ಹಾಗೆ ತೂರಾಡಿ ಸತ್ತಿದ್ದರು. ರಕ್ತದಲ್ಲಿ ಇಳಿದು ಬರುವ, ಮದ್ದಿಲ್ಲದ ಕಾಯಿಲೆ. ನಾವು ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದೆವು. ಅವಳಿಗೂ ಇದೆ ಎಂದು ಬಂತು. ಐದು ವರ್ಷದ ಮಗಳಿಗೂ ಇರಬಹುದು, ಇಲ್ಲದಿರಬಹುದು. ಅಷ್ಟು ಕೇಳಿಯೂ ಅವಳು ಅಳಲಿಲ್ಲ. "ಇದು ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ ಅಣ್ಣ?" ಎಂದಳು. "ಹೆದರಬೇಡ, ಕಂಪ್ಯೂಟರಿನಲ್ಲಿ ಬೀಗ ಉಂಟು" ಎಂದೆ.

ಆ ಬೀಗ ನೋಡಿಕೊಳ್ಳುವವನು ಮೊಗ್ರಾಲಿನ ಇರ್ಷಾದ್. ಗಲ್ಫಿನ ಬ್ಯಾಂಕೊಂದರಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವನು. ಒಂದು ಮಧ್ಯಾಹ್ನ ಬಂದು ನನ್ನನ್ನೇ ದಿಟ್ಟಿಸಿದ.

"ಎಂತ ರೈಗಳೇ, ಈ ಸೆಖೆಯಲ್ಲಿ ಕೊರಳಿಗೆ ಟವೆಲ್?"

"ಶೀತ ಮಾರಾಯ. ನೀನು ಬಂದ ಕೆಲಸ ಹೇಳು."

"ನಮ್ಮ ಫೈಲುಗಳು ಇಲ್ಲಿಂದ ದೊಡ್ಡ ಲ್ಯಾಬಿಗೆ ಹೋಗುವ ದಾರಿಯಲ್ಲಿ ಯಾರೋ ನಕಲು ತೆಗೆದಿದ್ದಾರೆ."

"ಓದಿದ್ದಾರಾ?"

"ಇಲ್ಲ. ಬೀಗ ಉಂಟಲ್ಲ."

"ಮತ್ತೆಂತಕ್ಕೆ ನನ್ನ ಬಿ.ಪಿ. ಏರಿಸುವುದು?"

"ಅವರು ಈಗ ಓದ್ಲಿಕ್ಕೆ ತಕೊಂಡದ್ದಲ್ಲ ರೈಗಳೇ. ಇಟ್ಟುಕೊಳ್ಳಲಿಕ್ಕೆ."

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಈಗಿನ ಬೀಗವೆಂದರೆ ಒಂದು ಗಟ್ಟಿ ಲೆಕ್ಕ. ಇಂದಿನ ಕಂಪ್ಯೂಟರುಗಳು ಅದನ್ನು ಬಿಡಿಸಲು ಕೂತರೆ ಮುಗಿಯುವ ಹೊತ್ತಿಗೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಇರುವುದಿಲ್ಲ. ಆದರೆ ಕ್ವಾಂಟಮ್ ಎಂಬ ಹೊಸ ಬಗೆಯ ಕಂಪ್ಯೂಟರು ತಯಾರಾಗುತ್ತಿದೆ; ಅದು ಸಾಕಷ್ಟು ದೊಡ್ಡದಾದ ದಿನ ಈ ಲೆಕ್ಕವನ್ನು ಬಿಡಿಸುತ್ತದೆ. ಕದ್ದವರಿಗೆ ಅವಸರವಿಲ್ಲ. ಹಲಸು ಕದ್ದವನು ಹಣ್ಣಾಗಲೆಂದು ಗೋಣಿ ಮುಚ್ಚಿ ಕಾಯುವ ಹಾಗೆ ಕಾಯುತ್ತಾರೆ. ಅದಕ್ಕೂ ಬಗ್ಗದ ಹೊಸ ಲೆಕ್ಕದ ಬೀಗ ಈಗಲೇ ಸಿಗುತ್ತದೆ. ಎಲ್ಲೆಲ್ಲಿ ಹಳೆಯ ಬೀಗ ಇದೆ ಎಂದು ಹುಡುಕಿ, ಯಾವುದನ್ನು ಮೊದಲು ಬದಲಿಸಬೇಕು ಎಂದು ನಿಶ್ಚಯಿಸಬೇಕು.

"ನಿಮ್ಮ ರಿಪೋರ್ಟು ಎಷ್ಟು ವರ್ಷ ಗುಟ್ಟಾಗಿರಬೇಕು?" ಎಂದು ಕೇಳಿದ.

"ಐದು ಹಾಕು."

"ಐದು ಸಾಕಾ?"

"ಹಾಗಾದರೆ ಮೂರು. ಸಕ್ಕರೆ ಕಾಯಿಲೆ ಯಾರಿಗಿಲ್ಲ ಮಾರಾಯ?"

ಅವನು ನಗಲಿಲ್ಲ. "ಎಲ್ಲ ಸಕ್ಕರೆಯದ್ದೇನಾ?" ಎಂದ. ನನಗೆ ಯಶೋದಾ ನೆನಪಾದಳು.

ನಕಲಿನಲ್ಲಿ ಹೆಸರಿದ್ದವರಿಗೆ ಹೇಳಲೇಬೇಕು ಎಂದು ಇರ್ಷಾದ್ ಪಟ್ಟು ಹಿಡಿದ. ಯಶೋದಾಳಿಗೆ ಫೋನ್ ಮಾಡಿದರೆ ಅವಳು, "ಇಲ್ಲಿ ಮಾತಾಡ್ಲಿಕ್ಕೆ ಆಗುವುದಿಲ್ಲ, ಬರ್ತೇನೆ" ಎಂದು ಮತ್ತೆ ಎರಡು ಬಸ್ಸು ಹತ್ತಿ ಬಂದಳು. ಎಲ್ಲವನ್ನೂ ಹೇಳಿದೆ. ಹೊಸ ಬೀಗ ಇನ್ನು ಮುಂದಿನದಕ್ಕೆ ಮಾತ್ರ, ಹೋದ ನಕಲಿಗೆ ಹಳೆಯದೇ ಎಂಬುದನ್ನೂ ಹೇಳಿದೆ.

"ಅದು ಯಾವಾಗ ತೆರೆಯುತ್ತದೆ ಅಣ್ಣ?"

"ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹತ್ತೋ ಹದಿನೈದೋ ವರ್ಷ ಅಂತಾರೆ."

ಅವಳು ಬೆರಳು ಮಡಚಿ ಎಣಿಸಿದಳು. "ಹದಿನೈದಾದರೆ ಮಗಳಿಗೆ ಇಪ್ಪತ್ತು. ಸರಿಯಾಗಿ ಹುಡುಗನ ಕಡೆಯವರು ವಿಚಾರಿಸುವ ಹೊತ್ತು." ಆಮೇಲೆ ತಗ್ಗಿದ ಸ್ವರದಲ್ಲಿ, "ಮೂವತ್ತು ಮಾಡಿ ಕೊಡ್ಲಿಕ್ಕೆ ಆಗುತ್ತದಾ? ಬೇಕಾದರೆ ಇನ್ನೊಮ್ಮೆ ರಕ್ತ ಕೊಡ್ತೇನೆ."

"ರಕ್ತದಿಂದ ಆಗುವುದಲ್ಲ ಯಶೋದಾ."

"ಇಪ್ಪತ್ತೈದು?"

ನಾನು ಮೂರಕ್ಕೆ ಇಳಿಸಿದ್ದ ವರ್ಷಗಳನ್ನು ಅವಳು ಹೇಗಾದರೂ ಏರಿಸಲು ನೋಡುತ್ತಿದ್ದಳು. ಇಷ್ಟು ವರ್ಷಗಳ ಚೌಕಾಸಿಯಲ್ಲಿ ನಾನು ಮೇಜಿನ ಈ ಬದಿಯಲ್ಲಿ ಕೂತವನಲ್ಲ. ಕೊನೆಗೆ ಎದ್ದು ಕೊಡೆ ತೆಗೆದುಕೊಂಡಳು. ಬಾಗಿಲ ಹತ್ತಿರ ನಿಧಾನಿಸಿದಳು. ಕರೆಯೋಣವೆಂದರೆ ನನ್ನ ಬಳಿ ಕೊಡಲು ಒಂದು ವರ್ಷವೂ ಇರಲಿಲ್ಲ.

ಆ ವಾರವೇ ಬೀಗ ಬದಲಿಸಿದೆ. ಇರ್ಷಾದ್ ಹೇಳಿದ ಬೆಲೆಗೇ. ಊಟ ಸೇರಲಿಲ್ಲ, ಕಾರಣ ಬೆಲೆಯಲ್ಲ. ಆಮೇಲೆ ಕಂಡವರಿಗೆಲ್ಲ ಉಪದೇಶ ಶುರುಮಾಡಿದೆ. ಪರಿಚಯದ ಸಹಕಾರಿ ಸೊಸೈಟಿಯ ಸೆಕ್ರೆಟರಿಯನ್ನು ಚಾ ಅಂಗಡಿಯಲ್ಲಿ ಹಿಡಿದು, "ನಿಮ್ಮ ಬೀಗ ಯಾವ ಕಾಲದ್ದು?" ಎಂದರೆ, "ಆ ಮಿಷನ್ ಬರಲಿ ರೈಗಳೇ, ಆಗ ನೋಡುವ. ನಿಮಗೆ ಇದರಲ್ಲಿ ಕಮಿಷನ್ ಎಷ್ಟು?" ಎಂದ. ಅವನನ್ನು ಬೈಯಲಾರೆ, ನಾನೂ ಅದೇ ಗಿರಾಕಿ. ನೀವಾದರೂ ಕೇಳಿ: ಮಿಷನ್ ಬಂದ ಮೇಲೆ ಬದಲಿಸುವ ಬೀಗದಿಂದ ಇಂದು ಹೋದದ್ದು ಉಳಿಯುವುದಿಲ್ಲ.

ಇನ್ನು ನನ್ನ ಟವೆಲಿನ ವಿಷಯ. ಅದರಡಿ ಕೊರಳಲ್ಲಿ ಎದ್ದಿದ್ದ ಗಂಟು ಶೀತದ್ದಲ್ಲ ಎಂದು ನನಗೆ ಮೊದಲೇ ಸಂಶಯವಿತ್ತು. ಸ್ವಂತ ಲ್ಯಾಬಿದ್ದವನು ಏನು ಮಾಡಿದೆ? ಮಂಗಳೂರಿನ ಬಸ್ಸು ಹತ್ತಿದೆ. ಅಲ್ಲಿ ಕೌಂಟರಿನ ಹುಡುಗಿ ಗುರುತಿನ ಚೀಟಿ ಕೇಳಿದಳು. ಅದು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಎಂಥ ಬೀಗ, ಕೇಳಬೇಕಾದ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಕೈ ಸ್ವಲ್ಪ ತಡೆಯಿತು. ಅವಳು ನಕ್ಕು, "ಹೆದರಬೇಡಿ ಅಂಕಲ್, ಎಲ್ಲ ಸೇಫ್ ಉಂಟು" ಎಂದಳು. ನಾನು ಯಶೋದಾಳಿಗೆ ಹೇಳಿದಾಗ ನನ್ನ ಮುಖದಲ್ಲೂ ಇದೇ ನಗು ಇದ್ದಿರಬೇಕು. ಚೀಟಿ ಕೊಟ್ಟೆ, ಟವೆಲ್ ಬಿಚ್ಚಿದೆ, ಅವಳು ಹೇಳಿದಷ್ಟನ್ನು ಎಣಿಸಿ ಇಟ್ಟೆ. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡಿದವನ ಮುಖ ಕೌಂಟರಿನವರಿಗೆ ನೆನಪಿರುತ್ತದೆ.