ಆ ಮದುವೆಯಲ್ಲಿ ಉಗ್ರಾಣ ಯಾರದು?

ನಮ್ಮ ಸೋದರತ್ತೆಗೆ ಸಿನಿಮಾ ನೋಡಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಎಲ್ಲರೂ ನಾಯಕ ನಾಯಕಿಯರನ್ನು ನೋಡುತ್ತಿದ್ದರೆ ಇವರು ಪರದೆಯಲ್ಲಿ ಅವರ ಹಿಂದೆ ಕೂತವರ ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಾರೆ! ತಪ್ಪು ಅವರದಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ನಲವತ್ತು ವರ್ಷದಿಂದ ಉಗ್ರಾಣದ ಬೀಗದಕೈ ಅವರ ಸೊಂಟದಲ್ಲೇ ಇದೆ. ಅಕ್ಕಿ ಬೆಲ್ಲ ಹಾಗಿರಲಿ, ನಾಲ್ಕು ಲವಂಗ ಬೇಕಿದ್ದರೂ ಅಡುಗೆಯವರು ಅವರ ಮುಂದೆ ಕೈಯೊಡ್ಡಿ ನಿಲ್ಲಬೇಕು.

ಅಂಥವರು ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಐರ್ಲೆಂಡಿನ ಲೀಕ್ಸ್‌ಲಿಪ್‌ಗೆ ಬಂದರು. ಬರಬೇಕಾದವಳು ಅಮ್ಮ. ಮಂಡಿನೋವಿನ ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಅತ್ತೆ ತಾವೇ ಫೆಬ್ರವರಿಯಲ್ಲಿ ಎಣ್ಣೆ, ಅಂಟಿನುಂಡೆ, ಮೆಣಸಿನ ಸಾರಿನ ಪುಡಿಗಳ ಸಮೇತ ಬಂದಿಳಿದರು. ಮೇ ತಿಂಗಳಲ್ಲಿ ಅವರ ಒಬ್ಬಳೇ ಮಗಳ ಮದುವೆ. ಏಪ್ರಿಲ್ ಕೊನೆಗೆ ವಾಪಸು ಟಿಕೆಟ್ಟಿತ್ತು. ಮಾರ್ಚಿನಲ್ಲಿ ನನ್ನ ಮಗಳು ಹುಟ್ಟಿದಳು. ಅದರ ಬೆನ್ನಿಗೇ ಕೊರೋನಾ ಬಂದು ವಿಮಾನಗಳು ನಿಂತವು. ಮದುವೆ ಮುಂದಕ್ಕೆ ಹಾಕೋಣ ಎಂದು ಗಂಡಿನ ಕಡೆಯವರು ಹೇಳಿದರೆ ಇವರೇ ಒಪ್ಪಲಿಲ್ಲ. ಗುರುಬಲ ಹೋದ ಮೇಲೆ ವಿಮಾನ ಬಂದು ಏನು ಪ್ರಯೋಜನ ಎಂದು ಕೇಳಿ, ಫೋನಿಟ್ಟು, ನನ್ನ ಸಾರಿಗೆ ಒಗ್ಗರಣೆ ಹಾಕಲು ಹೋದರು. ಆ ಸಾರನ್ನು ನಾನು ತಲೆ ತಗ್ಗಿಸಿಕೊಂಡು ಉಂಡೆ.

ಮನೆಯಿಂದಾಚೆ ಹೋಗುವಂತಿರಲಿಲ್ಲ. ಹಿತ್ತಲಿನ ಮರದ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಲಾಹೋರಿನ ಹುಡುಗಿಯೇ ಅತ್ತೆಯ ಪಾಲಿನ ಲೋಕ. ಅತ್ತೆಗೆ ಮೈಸೂರಿನ ನೆರೆಹೊರೆಯಲ್ಲಿ ಕಲಿತ ಉರ್ದು, ಅವಳಿಗೆ ಇವರು ‘ಖಾಲಾ’, ಅಂದರೆ ಚಿಕ್ಕಮ್ಮ. ಬೇಜಾರು ಕಳೆಯಲೆಂದು ಅವಳು ತನ್ನ ದೇಶದ ಒಂದು ಪ್ರೇಮದ ಹಾಸ್ಯಚಿತ್ರವನ್ನು ಕಳಿಸಿದಳು. ಕಾಲು ಚಾಚಿ, ಮಗುವನ್ನು ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಅತ್ತೆ ಅದನ್ನು ನೋಡಿದರು. ಹಾಡು ಬಂದಾಗ ತಿಕ್ಕುವುದೂ ಜೋರು!

ಮರುದಿನ ಬೇಲಿಯ ಬಳಿ ವಿಮರ್ಶೆ. ಮೊದಲು ಗುಣ. ನಾಯಕಿ ನಿಜವಾಗಿಯೂ ಉಣ್ಣುತ್ತಾಳೆ, ತುತ್ತು ಹಿಡಿದುಕೊಂಡು ಡೈಲಾಗು ಹೊಡೆಯುವುದಿಲ್ಲ. ಜಗಳದಲ್ಲೂ ಹಿರಿಯರಿಗೆ ಬಹುವಚನ ತಪ್ಪುವುದಿಲ್ಲ. ನಗಿಸಲು ಯಾರನ್ನೂ ಜಾರಿ ಬೀಳಿಸಿಲ್ಲ, ಮಾತಿನಲ್ಲೇ ನಗಿಸಿದ್ದಾರೆ. ಇಷ್ಟು ಹೊಗಳಿ ಅತ್ತೆ ಸೆರಗು ಸಿಕ್ಕಿಸಿಕೊಂಡರು. ಆಮೇಲೆ ಬಂತು ದೋಷ.

“ಎಂಟುನೂರು ಜನರ ಬಿರಿಯಾನಿ ದಮ್ಮಿಗೆ ಹಾಕಿದೆ. ಮದುಮಗಳು ಎದ್ದು ಆ ಹುಡುಗನ ಹಿಂದೆ ಹೋಗ್ತಾಳೆ. ಅಡುಗೆಯವನಿಗೆ ಒಂದು ಮಾತು ಹೇಳಿದವರುಂಟಾ? ಆ ಮದುವೇಲಿ ಉಗ್ರಾಣ ಯಾರದು?”

ಲಾಹೋರಿನ ಹುಡುಗಿ ಬಟ್ಟೆ ಹಿಂಡುವುದು ಬಿಟ್ಟು ನಕ್ಕಳು. ಯಾರಿಗೆ ತಾನೇ ಗೊತ್ತಿರುತ್ತದೆ? ಆ ಕಥೆ ಬರೆದವರೇ ಯೋಚಿಸಿರಲಿಕ್ಕಿಲ್ಲ! ನನಗಂತೂ ಬೆರಗೋ ಬೆರಗು. ಮಗಳ ಮದುವೆ ಕೈತಪ್ಪುತ್ತಿರುವ ತಾಯಿ, ಇಲ್ಲದ ಮದುವೆಯ ಅನ್ನ ಹಾಳಾಯಿತೆಂದು ಮರುಗುತ್ತಿದ್ದರು.

ಮಗುವಿನ ತೂಕ ನೋಡಲು ಬಂದ ನರ್ಸಮ್ಮನನ್ನೂ ಅವರು ಬಿಡಲಿಲ್ಲ. ಹತ್ತಿಪ್ಪತ್ತು ಇಂಗ್ಲಿಷ್ ಪದ, ಉಳಿದದ್ದೆಲ್ಲ ಕೈಸನ್ನೆ. ಇಡೀ ಚಿತ್ರದ ಕಥೆ ಹೇಳಿ ಮುಗಿಯಿತು. ಮಾಸ್ಕಿನೊಳಗಿಂದ ಆಕೆ “ಗ್ರ್ಯಾಂಡ್, ಗ್ರ್ಯಾಂಡ್” ಎನ್ನುತ್ತಲೇ ಇದ್ದರು. ಹೊರಟವರು ಗೇಟಿನ ಹತ್ತಿರ ತಿರುಗಿ ನಿಂತು, ಕೊನೆಗೆ ಆ ನೆಂಟರಿಗೆ ಊಟ ಸಿಕ್ಕಿತೋ ಇಲ್ಲವೋ ಎಂದು ಕೇಳಬೇಕೇ!

ಅತ್ತೆಗೆ ನುಂಗಲಾಗದ ದೋಷ ಇನ್ನೊಂದಿತ್ತು. ಆ ಚಿತ್ರದಲ್ಲಿ ಮನೆ ಮುರಿಯುವವಳು ನಾಯಕಿಯ ಸೋದರತ್ತೆ! ತಮ್ಮ ಧಾರಾವಾಹಿಗಳಲ್ಲೂ ಬಹಳ ಸಲ ಅಪ್ಪನ ತಂಗಿಯೇ ಕೆಟ್ಟವಳು ಎಂದು ಲಾಹೋರಿನ ಹುಡುಗಿ ನಗುತ್ತಾ ಹೇಳಿದ್ದಳಂತೆ. ಅತ್ತೆ ಒಳಗೆ ಬಂದು ನನ್ನ ಮುಖ ನೋಡಿದರು.

“ನಾನೇನಾದ್ರೂ ಹಾಳು ಮಾಡಿದೀನೇನೇ?”

ನಾನು ತಲೆಯಾಡಿಸಿ ನಕ್ಕೆ. ಯಾರಿಂದ ಯಾರಿಗೆ ಮದುವೆ ತಪ್ಪುತ್ತಿದೆ ಎಂಬುದು ನನಗೆ ಗೊತ್ತಿತ್ತು. ಆ ನಗು ಬೇಗ ಮುಗಿಯಿತು.

ಮದುವೆಯ ದಿನ ಬಂದೇ ಬಂತು. ಅಲ್ಲಿ ಹನ್ನೊಂದರ ಮುಹೂರ್ತ, ಇಲ್ಲಿ ಬೆಳಗಿನ ಆರೂವರೆ. ಅತ್ತೆ ರೇಷ್ಮೆ ಸೀರೆಯುಟ್ಟು, ಮಗುವನ್ನು ಎತ್ತಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ನಿಲ್ಲಿಸಿದ ಫೋನಿನ ಮುಂದೆ ಕೂತರು. ಅಲ್ಲಿ ಕೊರೋನಾ ನಿಯಮದಂತೆ ಐವತ್ತೇ ಜನ. ಧಾರೆಯನ್ನು ದಂಪತಿಗಳೇ ಎರೆಯಬೇಕು, ಅತ್ತೆಯಿಲ್ಲದೆ ಮಾವ ಒಬ್ಬರೇ ಎರೆಯುವಂತಿಲ್ಲ. ಹಾಗಾಗಿ ಅವರಿಬ್ಬರ ಜಾಗದಲ್ಲಿ ನನ್ನ ಅಪ್ಪ ಅಮ್ಮ ಇದ್ದರು. ಅಮ್ಮ ಆ ಮಂಡಿಯನ್ನು ಹೇಗೋ ಮಡಿಸಿ ಮಣೆಯ ಮೇಲೆ ಕೂತಿದ್ದಳು. ಅವಳ ಮುಖದಲ್ಲಿ ನೋವು ಇಲ್ಲಿಗೂ ಕಾಣುತ್ತಿತ್ತು.

ನನಗೆ ತಡೆಯಲಾಗಲಿಲ್ಲ. “ಅತ್ತೆ, ನನ್ನಿಂದ ನಿಮಗೆ ಹೀಗಾಯ್ತು” ಎಂದು ಅತ್ತುಬಿಟ್ಟೆ.

ಅವರು ಫೋನಿನಿಂದ ಕಣ್ಣು ತೆಗೆಯಲಿಲ್ಲ. “ನಿಮ್ಮಮ್ಮ ಮಾಡಬೇಕಾದ್ದು ಇಲ್ಲಿ ನಾನು ಮಾಡ್ದೆ. ನಾನು ಮಾಡಬೇಕಾದ್ದು ಅಲ್ಲಿ ಅವಳು ಮಾಡ್ತಿದ್ದಾಳೆ, ಆ ಕಾಲು ಮಡಿಸ್ಕೊಂಡು. ಇದರಲ್ಲಿ ಯಾರಿಂದ ಯಾರಿಗೇನಾಯ್ತೇ? ಬಾಣಂತಿ ಅಳಬಾರದು, ಕಣ್ಣು ಒರೆಸ್ಕೋ.”

ಅಲ್ಲಿ ಓಲಗ ಜೋರಾಯಿತು. ಅಮ್ಮ ಚೊಂಬು ಬಗ್ಗಿಸಿದಳು. ಇಲ್ಲಿ ಅತ್ತೆಯ ಬರಿಯ ಬಲಗೈ ತಾನಾಗಿ ಮೇಲೆದ್ದು, ಮೇಜಿನ ಮೇಲೆ ನಿಧಾನಕ್ಕೆ ಬಗ್ಗಿತು. ಎಡಗೈ ನನ್ನ ಮಗಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.