ಎಂಟು ಸಿಲಿಂಡರಿನ ಸಂಸಾರ

ಹಳೆಯ ಕಾರು ಕೊಂಡವರಿಗೆ ಹೇಳಿಕೊಳ್ಳಲು ಏನಾದರೊಂದು ಆಗುತ್ತಲೇ ಇರುತ್ತದೆ. ಹಳೆಯ ದೊಡ್ಡ ಕಾರು ಕೊಂಡವರಿಗೆ ಒಂದನ್ನು ಹೇಳಿ ಮುಗಿಸುವುದರೊಳಗೆ ಇನ್ನೊಂದು ಆಗಿರುತ್ತದೆ.

ನಾನು ಪುಣೆಯಲ್ಲಿ ಬೇರಿಂಗು, ಬೆಲ್ಟು ಮಾರುವ ಅಂಗಡಿಯವ. ಮೂಲ ಊರು ಬಾಗಲಕೋಟೆ ಕಡೆ. ಇಪ್ಪತ್ತು ವರ್ಷ ಸ್ಕೂಟರಿನ ಮೇಲೇ ಸಂಸಾರ, ವ್ಯಾಪಾರ ಎರಡನ್ನೂ ಹೇರಿಕೊಂಡು ತಿರುಗಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಸಣ್ಣದೊಂದು ಹೊಸ ಕಾರು ತೆಗೆದುಕೊಳ್ಳೋಣವೆಂದು ಹೊರಟೆ. ಅಷ್ಟರಲ್ಲಿ ಪರಿಚಯದ ಏಜೆಂಟನೊಬ್ಬ ಅಂಗಡಿಗೆ ಬಂದು, ಅದೇ ದುಡ್ಡಿಗೆ ತೊಂಬತ್ತೈದರ ಜರ್ಮನ್ ಗಾಡಿ ಬರುತ್ತದೆ, ತೊಗಲಿನ ಸೀಟು, ಕಾರ್ಖಾನೆಯ ಮಾಲೀಕರೊಬ್ಬರು ಇಟ್ಟುಕೊಂಡದ್ದು, ಎಂಟು ಸಿಲಿಂಡರು ಎಂದ.

"ನಾ ನೋಡಿದ ಸಣ್ಣದಕ್ಕ ಎಷ್ಟು ಸಿಲಿಂಡರು?" ಎಂದು ಕೇಳಿದೆ.

"ಮೂರು."

ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹುಷಾರು.

೧. ಮಾರುವವರ ಪ್ರಶ್ನೆಗಳು

ಮಾರುವವರು ಎಪ್ಪತ್ತು ದಾಟಿದ ಮರಾಠಿ ಅಜ್ಜ. ಬಂಗಲೆಯ ಗೇಟಿಗೆ ಒಂದು ಫಲಕ: "ಬೆಲ್ ಒಂದೇ ಸಲ ಒತ್ತಿ. ನಮಗೆ ಕಿವಿ ಕೇಳಿಸುತ್ತದೆ." ನಾನೂ ಹೆಂಡತಿಯೂ ಹೋಗಿ ಒಂದೇ ಸಲ ಒತ್ತಿದೆವು. ಅಜ್ಜ ಕಾರು ತೋರಿಸಲಿಲ್ಲ. ವರಾಂಡದಲ್ಲಿ ಕೂಡಿಸಿ ನೋಟ್‌ಬುಕ್ ತೆಗೆದರು.

"ಗಾಡಿ ಎಲ್ಲಿ ಇಡುತ್ತೀರಿ?"

"ಅಂಗಡಿ ಮುಂದೆ. ಬೇವಿನ ಮರದ ನೆರಳಿದೆ," ಎಂದು ನನ್ನ ಮರಾಠಿಯಲ್ಲಿ ಹೇಳಿದೆ.

"ಮರದ ಮೇಲೆ ಹಕ್ಕಿ ಕೂಡುತ್ತವೆಯೇ?"

ನನ್ನ ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೂಡುತ್ತವೆ," ಎಂದಳು. ಅಜ್ಜ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಎಲೆ-ಅಡಿಕೆ ಹಾಕುತ್ತೀರಾ? ಮಕ್ಕಳು ಬೂಟುಗಾಲು ಸೀಟಿನ ಮೇಲಿಡುತ್ತವೆಯೇ? ಪ್ರಯಾಣದಲ್ಲಿ ಎಣ್ಣೆಯ ತಿಂಡಿ ತಿನ್ನುತ್ತೀರಾ? ಬಾಗಿಲನ್ನು ಹಾಕುತ್ತೀರೋ, ಬಡಿಯುತ್ತೀರೋ? ಮುಕ್ಕಾಲು ಗಂಟೆ ನಡೆಯಿತು. ಹೆಂಡತಿ ನನ್ನ ಕಿವಿಯಲ್ಲಿ, "ಹುಡುಗನ್ನ ಸಾಲಿಗೆ ಹಚ್ಚೂ ಮುಂದೂ ಇಷ್ಟು ಕೇಳಿರಲಿಲ್ರಿ," ಎಂದಳು.

ಕೊನೆಗೆ ಅಜ್ಜ ನೋಟ್‌ಬುಕ್ ಮುಚ್ಚಿದರು. ಮುಖದ ಮೇಲೆ ಒಂದು ತರಹದ ಸಮಾಧಾನ ಬಂದಿತ್ತು. ಶೆಡ್ಡಿನ ಬಾಗಿಲು ತೆಗೆದು ಬಟ್ಟೆ ಸರಿಸಿದರು. ಕಡುನೀಲಿ ಬಣ್ಣದ, ನಮ್ಮ ಮನೆಯ ಪಡಸಾಲೆಗಿಂತ ಉದ್ದದ ಕಾರು. ಕೀಲಿ ನನ್ನ ಕೈಗಿಟ್ಟು, "ಹೋಗಿ, ಒಂದು ಸುತ್ತು ಓಡಿಸಿಕೊಂಡು ಬನ್ನಿ," ಎಂದರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೇಲೆ ಹೆಂಚು ಎಣಿಸತೊಡಗಿದಳು.

"ನನಗೆ ಕಾರು ಓಡಿಸಲು ಬರುವುದಿಲ್ಲ," ಎಂದೆ.

"ಮತ್ತೆ ಲೈಸೆನ್ಸು?"

"ಸ್ಕೂಟರಿನದು ಇದೆ."

ಅಜ್ಜ ಬಾನೆಟ್ಟಿನ ಮೇಲೆ ಕೈಯಿಟ್ಟರು. ಮುರಿದುಬಿತ್ತು ವ್ಯವಹಾರ ಎಂದುಕೊಂಡೆ. ಅವರು ಹೇಳಿದರು: "ಇದುವರೆಗೆ ಬಂದವರೆಲ್ಲ ಓಡಿಸಲು ಬರುವವರೇ. ಈ ಗಾಡಿ ಕೆಡಿಸಲು ಬಾರದವರು ನೀವೊಬ್ಬರೇ ಸಿಕ್ಕಿರಿ. ತೆಗೆದುಕೊಂಡು ಹೋಗಿ."

೨. ಎಡಗಾಲು

ಓಡಿಸಲು ನನ್ನ ಹೆಂಡತಿಯ ತಮ್ಮನನ್ನು ಕರೆಸಿದೆವು; ನಮ್ಮ ಕಡೆ ಅವನಿಗೂ ಅಳಿಯ ಎಂದೇ ಅನ್ನುತ್ತೇವೆ. ಹದಿನೈದು ವರ್ಷ ಸಿಮೆಂಟಿನ ಲಾರಿ ಹೊಡೆದವನು. ಎಂಥ ಗಾಡಿಯೂ ತನ್ನ ಮಾತು ಕೇಳುತ್ತದೆ ಎಂಬ ಧೈರ್ಯ ಅವನದು. ಒಳಗೆ ಕೂತು ಕೆಳಗೆ ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ.

"ಮಾಮಾ, ಇವರು ಕ್ಲಚ್ ಕಿತ್ತಿಟ್ಟುಕೊಂಡು ಮಾರ್‍ಯಾರ."

ಇದು ಆಟೊಮ್ಯಾಟಿಕ್, ಕ್ಲಚ್ ಇರುವುದಿಲ್ಲ, ಎಡಗಾಲಿಗೆ ಕೆಲಸವಿಲ್ಲ ಎಂದು ಏಜೆಂಟ ತಿಳಿಸಿ ಹೇಳಿದ. ಅಳಿಯನ ತಲೆಗೆ ತಿಳಿಯಿತು, ಎಡಗಾಲಿಗೆ ತಿಳಿಯಲಿಲ್ಲ. ಗಾಡಿ ಸ್ವಲ್ಪ ವೇಗ ಹಿಡಿದೊಡನೆ ಅದು ತಾನಾಗಿ ಎದ್ದು, ಕ್ಲಚ್ ಇರಬೇಕಾದ ಕಡೆ ಬಲವಾಗಿ ತುಳಿಯುತ್ತಿತ್ತು. ಅಲ್ಲಿ ಇದ್ದದ್ದು ಬ್ರೇಕು. ಜರ್ಮನ್ ಬ್ರೇಕು. ಮೊದಲ ಸಲ ನನ್ನ ಕನ್ನಡಕ ಹೋಯಿತು. ಎರಡನೆಯ ಸಲ ಹೆಂಡತಿಯ ತೊಡೆಯ ಮೇಲಿದ್ದ ಶೇಂಗಾ ಚಟ್ನಿಯ ಡಬ್ಬಿ ಹಾರಿ ಮುಂದಿನ ಗ್ಲಾಸಿಗೆ ಬಡಿಯಿತು. ಎಣ್ಣೆಯ ತಿಂಡಿ ತಿನ್ನುವುದಿಲ್ಲ ಎಂದು ಅಜ್ಜನಿಗೆ ಕೊಟ್ಟ ಮಾತು ನಾನಂತೂ ಮುರಿಯಲಿಲ್ಲ, ತಿಂದದ್ದು ಕಾರು.

ಮರುವಾರ ಸಾಸವಡಕ್ಕೆ ಹೋಗಬೇಕಾಗಿತ್ತು. ಹೆಂಡತಿ ಟವೆಲ್ ತಂದಳು. ಅಕ್ಕನೇ ತಮ್ಮನ ಎಡಗಾಲನ್ನು ಸೀಟಿನ ಕೆಳಗಿನ ಕಂಬಿಗೆ ಗಟ್ಟಿಯಾಗಿ ಕಟ್ಟಿದಳು. ಆಮೇಲೆ ಏನು ಹೇಳಲಿ, ಗಾಡಿ ತೇಲಿಕೊಂಡು ಹೋಯಿತು. ದಿವೆ ಘಾಟಿನಲ್ಲಿ ಲಾರಿಗಳು ಏದುಸಿರು ಬಿಡುತ್ತಿದ್ದ ಏರಿನಲ್ಲಿ ಅಳಿಯ ಬಲಗಾಲನ್ನು ಒಂದಿಷ್ಟು ಒತ್ತಿದ. ಇಂಜಿನ್ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಮಾಡಿತು. ನಮ್ಮ ಬೆನ್ನು ಸೀಟಿಗೆ ಅಂಟಿಕೊಂಡವು. ಹೆಂಡತಿ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಶುರುಮಾಡಿದಳು; ಹನ್ನೊಂದು ಸಲ ಹೇಳುವುದರೊಳಗೆ ಘಾಟು ಮುಗಿದಿತ್ತು.

ಸಾಸವಡದ ಹೊರಗೆ ಅಂಜೂರ ಮಾರುವವಳ ಬುಟ್ಟಿಯ ಪಕ್ಕ ನಿಲ್ಲಿಸಿದೆವು. ಅಳಿಯ ಠೀವಿಯಿಂದ ಬಾಗಿಲು ತೆಗೆದು ಇಳಿಯಹೋದ. ಅರ್ಧ ಮೈ ಹೊರಗೆ ಬಂತು, ಕಾಲು ಒಳಗೇ ಉಳಿಯಿತು. ಎರಡೂ ಕೈ ನೆಲಕ್ಕೂರಿ ನಿಂತ. ಅಂಜೂರದವಳು ಎದ್ದು ಬಂದು ಒಳಗೆ ಇಣುಕಿದಳು. ಟವೆಲ್ ನೋಡಿದಳು, ಗಂಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಸಾವಕಾರ್, ಇಂಥಾ ಗಾಡಿ ಇಟ್ಟಿದ್ದೀರಿ," ಎಂದಳು ಮರಾಠಿಯಲ್ಲಿ, "ಡ್ರೈವರ್ ಓಡಿಹೋಗದಷ್ಟು ಪಗಾರ ಕೊಡಬಾರದೇ?"

೩. ಪರದೆಯ ಮೇಲಿನ ಅಕ್ಷರ

ಅಜ್ಜ ಈ ಕಾರನ್ನು ನೇರವಾಗಿ ಜರ್ಮನಿಯಿಂದ ತರಿಸಿಕೊಂಡಿದ್ದರು. ಹಾಗಾಗಿ ಅದಕ್ಕೆ ಜರ್ಮನ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ಟೇರಿಂಗಿನ ಹಿಂದೆ ಟಿಂಗ್ ಎಂದು ಸದ್ದಾಗಿ, ಸಣ್ಣ ಪರದೆಯ ಮೇಲೆ ಉದ್ದನೆಯ ಎರಡು ಶಬ್ದ ಮೂಡಿದವು. ಅಜ್ಜನಿಗೆ ಫೋನ್ ಮಾಡಿದೆ. "ನನಗೂ ಓದಲು ಬರುವುದಿಲ್ಲ. ಹಾಗೆ ಬಂದಾಗಲೆಲ್ಲ ಕಾರ್ಖಾನೆಯವರು ನೋಡಿಕೊಳ್ಳುತ್ತಿದ್ದರು," ಎಂದರು.

ಯೆರವಡಾದಿಂದ ಗಾಡಿ ರಿಪೇರಿಯ ಮಿಸ್ತ್ರಿಯನ್ನು ಕರೆಸಿದೆ. ಅವನು ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೂ ಇನ್ನೊಂದು ತುದಿ ಕಿವಿಗೂ ಹಚ್ಚಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. "ಗಿಯರ್ ಬಾಕ್ಸ್," ಎಂದ. ಮೂರು ದಿನ ಕಾರು ಬೇವಿನ ಮರದ ಕೆಳಗೇ ನಿಂತಿತು. ಹಕ್ಕಿಗಳು ಕೂತವು.

ನಮ್ಮ ಮೇಲಿನ ಮನೆಯಲ್ಲಿ ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರಿದ್ದರು, ಅವರೂ ಮರಾಠಿಯವರು. ಸುಮ್ಮನೆ ಕೂಡಬಾರದೆಂದು ಆ ವಯಸ್ಸಿನಲ್ಲಿ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದರು. ಸುದ್ದಿ ತಿಳಿದು ತಾವಾಗಿ ಇಳಿದು ಬಂದರು. ಕೈಯಲ್ಲಿ ನಿಘಂಟು, ಪೆನ್ಸಿಲ್. ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ಸುತ್ತಲೂ ನಾನು, ಹೆಂಡತಿ, ಅಳಿಯ, ಮಿಸ್ತ್ರಿ.

"ಮೊದಲನೆಯದು ಎರಡು ಶಬ್ದ ಕೂಡಿ ಆದದ್ದು," ಎಂದರು. ಪುಟ ಮಗುಚಿದರು. "ಹಿಂದಿನ ಭಾಗ... ನೀರು."

"ನೀರು!" ಎಂದ ಮಿಸ್ತ್ರಿ. "ನಾನು ಹೇಳಲಿಲ್ಲವೇ? ಗಿಯರ್ ಬಾಕ್ಸಿನಲ್ಲಿ ನೀರು ಹೊಕ್ಕಿದೆ."

"ಮಧ್ಯೆ ಮಾತಾಡಬೇಡ. ಮುಂದಿನದು ಕ್ರಿಯಾಪದ. ಅವರಲ್ಲೂ ಎಷ್ಟೋ ಸಲ ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ತಾಳಬೇಕು."

ತಾಳಿದೆವು. ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಪೋಸ್ಟ್ ಮಾಸ್ಟರರ ಬೆರಳು ನಿಘಂಟಿನ ಮೇಲೆ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು.

"ತುಂಬಿಸಿ," ಎಂದರು. "ತೊಳೆಯುವ ನೀರು ತುಂಬಿಸಿ."

ಗ್ಲಾಸು ಒರೆಸುವ ವೈಪರಿಗೆ ನೀರು ಬೇಕಾಗಿತ್ತು, ಅಷ್ಟೆ. ಹೆಂಡತಿ ಒಳಗಿನಿಂದ ಎರಡು ತಂಬಿಗೆ ತಂದು ಸುರಿದಳು. ಅಕ್ಷರ ಮಾಯವಾದವು. ಮಿಸ್ತ್ರಿ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಬೈಕಿಗೆ ಕಿಕ್ ಹೊಡೆದ. ಪೋಸ್ಟ್ ಮಾಸ್ಟರರು ಮಾತ್ರ ಖಾಲಿ ಪರದೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರು. ಇಳಿಯುವಾಗ ನನ್ನ ಭುಜ ಹಿಡಿದು ಹೇಳಿದರು:

"ಮುಂದಿನ ತಿಂಗಳು ನನ್ನ ಪರೀಕ್ಷೆ ಇದೆ. ಅಷ್ಟರೊಳಗೆ ಇನ್ನೇನಾದರೂ ಕೆಟ್ಟರೆ ದಯವಿಟ್ಟು ಮೊದಲು ನನ್ನನ್ನು ಕರೆಯಿರಿ."

೪. ಸಲಾಮು

ನಮ್ಮ ಅಂಗಡಿಯ ಹತ್ತಿರದ ಚೌಕದಲ್ಲಿ ಒಬ್ಬ ಟ್ರಾಫಿಕ್ ಹವಾಲ್ದಾರ ನಿಲ್ಲುತ್ತಿದ್ದ. ನೀಲಿ ಕಾರು ಕಂಡರೆ ಸಾಕು, ಎರಡೂ ಕಡೆಯ ವಾಹನ ತಡೆದು, ಕಾಲು ಜೋಡಿಸಿ ಸಲಾಮು ಹೊಡೆಯುತ್ತಿದ್ದ. ನಾನು ಹಿಂದಿನ ಸೀಟಿನಿಂದ ಕೈಯೆತ್ತುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ಸ್ಕೂಟರಿನಲ್ಲಿ ಅದೇ ಚೌಕ ದಾಟುವಾಗ ಸಿಗ್ನಲ್ ಕೆಂಪಾದದ್ದು ನೋಡಲಿಲ್ಲ. ಸೀಟಿ ಊದಿ ಹಿಡಿದ.

"ಸಾಹೇಬರೇ, ನಾನು ರೀ," ಎಂದೆ. "ನಿನ್ನೆಯಷ್ಟೇ ನನಗೆ ಸಲಾಮು ಮಾಡಿದಿರಿ. ಆ ನೀಲಿ ಕಾರು."

ಅವನು ದಂಡದ ಪಾವತಿ ಹರಿದು ಕೊಡುತ್ತಾ, "ಸಲಾಮು ಕಾರಿಗೆ," ಎಂದ. "ಇದು ನಿಮಗೆ."

೫. ವಾಕಡದಲ್ಲಿ ಒಂದು ಮಧ್ಯಾಹ್ನ

ನನ್ನ ತಂಗಿಯ ಮನೆ ವಾಕಡದಲ್ಲಿ. ಅವಳ ಮಗಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಮೂರು ಗಂಡು ಬಂದು ಹೋಗಿದ್ದವು, ಮೂರನ್ನೂ ಬೇಡ ಎಂದಿದ್ದಳು. ಕಾರಣ ಒಂದೇ: "ಹನ್ನೊಂದು ಮಂದಿ ಮುಂದ ಕುಂತು ಹೆಸರು ಹೇಳಿ ಎದ್ದು ಬರೂದು. ಮಾತಾಡಲಾರದ ಹೂಂ ಹೆಂಗ ಅನ್ನಲಿ?" ನಾಲ್ಕನೆಯ ಗಂಡು ಬರುವ ಹಿಂದಿನ ದಿನ ತಂಗಿ ಫೋನಿನಲ್ಲಿ ಅತ್ತಳು. "ಅಣ್ಣಾ, ಛಲೋ ಮನೆತನ ಅದ. ಇದೂ ತಪ್ಪಿತಂದ್ರ ಅವರಪ್ಪ ಆಕಿ ಜೋಡಿ ಮಾತ ಬಿಡತೀನಿ ಅಂದಾರ. ನೀ ಗಾಡಿ ತಗೊಂಡ ಬಾ. ಬಂದವರನ್ನ ಸ್ಟೇಷನ್ನಿಗೆ ಮುಟ್ಟಸೂಣು."

ಹುಡುಗ ಇಂಜಿನಿಯರ್. ಅವನ ತಾಯಿ ಕಟ್ಟುನಿಟ್ಟಿನ ಹೆಂಗಸು. ತಂಗಿ ಅಂಜುತ್ತಾ, ಹುಡುಗ ಹುಡುಗಿ ಹತ್ತು ನಿಮಿಷ ಮಾತಾಡಲಿ ಏನ್ರಿ ಎಂದಳು. "ನಮ್ಮಲ್ಲಿ ಆ ಪದ್ಧತಿ ಇಲ್ರಿ," ಎಂದರು ಆ ತಾಯಿ. ನಂತರ ಅವರೇ ಕೇಳಿದರು: "ಅಡಿಗಿ ಎಲ್ಲಾ ಬರ್ತದೇನವಾ?" ನಮ್ಮ ಹುಡುಗಿ ನನ್ನ ಕಡೆ ಒಂದು ನೋಟ ನೋಡಿದಳು. ನಾಲ್ಕನೆಯದೂ ಹೋಯಿತು ಎಂದು ನನಗೆ ಗೊತ್ತಾಯಿತು. ಹುಡುಗ ಪೂರ್ತಿ ಹೊತ್ತು ಅವಲಕ್ಕಿಯ ತಟ್ಟೆಯನ್ನೇ ನೋಡುತ್ತಿದ್ದ.

ಏಪ್ರಿಲ್ ಬಿಸಿಲು. ಅಳಿಯ ಮೊದಲೇ ಕೆಳಗಿಳಿದು ಇಂಜಿನ್ ಚಾಲೂ ಮಾಡಿ ಎಸಿ ಹಾಕಿ ಹೊರಗೆ ನಿಂತಿದ್ದ. ಕಾರು ಕಂಡು ಹುಡುಗನಿಗೆ ಬಾಯಿ ಬಂತು. "ವಿ-ಎಯ್ಟ್ ಏನ್ರಿ ಇದು?" ಅಪ್ಪಣೆಗೂ ಕಾಯದೆ ಹಿಂದಿನ ಸೀಟಿನಲ್ಲಿ ಕೂತು ತೊಗಲು ಸವರತೊಡಗಿದ. ಅಷ್ಟರಲ್ಲಿ ಅವನ ತಾಯಿ ಮೇಲೆ ಮರೆತ ಚೀಲ ಹಿಡಿದು ನಮ್ಮ ಹುಡುಗಿ ಓಡಿ ಬಂದಳು. ಇನ್ನೊಂದು ಬಾಗಿಲಿನಿಂದ ಬಗ್ಗಿ ಚೀಲ ಇಡುವುದಕ್ಕೆ ಸೀಟಿನ ಅಂಚಿಗೆ ಕೂತಳು. ತಂಪು ಹೊರಗೆ ಹೋಗುತ್ತದೆಂದು ಅಳಿಯ ಎರಡೂ ಬಾಗಿಲು ಹಾಕಿದ.

ಟಕ್. ಗ್ಲಾಸಿನ ಬುಡದ ಲಾಕಿನ ಗುಬ್ಬಿಗಳು ಕೆಳಗಿಳಿದು ನಾಲ್ಕೂ ಬಾಗಿಲು ಲಾಕಾದವು. ಕೀಲಿ ಒಳಗೆ. ಎರಡನೆಯ ಕೀಲಿ ಪ್ರಪಂಚದಲ್ಲೇ ಇರಲಿಲ್ಲ.

ಗ್ಲಾಸು ದಪ್ಪ, ಎರಡು ಪದರಿನದು. ನಮ್ಮ ಕೂಗು ಒಳಗೆ ಹೋಗದು, ಅವರ ಮಾತು ಹೊರಗೆ ಬಾರದು. ಹುಡುಗನ ತಾಯಿ ಗ್ಲಾಸು ಬಡಿದರು. ಅವನು ಒಳಗಿನಿಂದ ಅಂಗೈ ತೋರಿಸಿದ: ಇರಿ, ಇರಿ. ನಮ್ಮ ಹುಡುಗಿ ಬೆರಳು ಮಡಚಿ ಏನನ್ನೋ ಒಂದೊಂದಾಗಿ ಹೇಳುತ್ತಿದ್ದಳು. ಅವನು ತಲೆ ಕೆರೆದುಕೊಂಡ. ಆಮೇಲೆ ಅವನು ಏನೋ ಹೇಳಿದ, ಇವಳು ನಕ್ಕಳು. ಅವನೂ ನಕ್ಕ.

"ನಗಲಿಕ್ಕತ್ಯಾನ!" ಎಂದರು ತಾಯಿ. "ಉಸಿರು ಕಟ್ಟಿ ತಲಿ ತಿರುಗಿರಬೇಕು!"

ಸೊಸೈಟಿಯ ಜನ ಸೇರಿದರು. ಯಾರೋ ಒಬ್ಬರು ಇಟ್ಟಿಗೆ ತಂದರು. ನಾನು ಮಿಸ್ತ್ರಿಗೆ ಫೋನ್ ಮಾಡಿದ್ದೇನೆ, ಯೆರವಡಾದಿಂದ ಹೊರಟಿದ್ದಾನೆ, ಒಳಗೆ ಎಸಿ ಇದೆ, ಸ್ವಲ್ಪ ತಾಳಿರಿ ಎಂದೆ.

"ನಿಮಗ ಗ್ಲಾಸ್ ದೊಡ್ಡದೋ, ನನ್ನ ಮಗ ದೊಡ್ಡಂವೋ?" ಎಂದರು ಆ ತಾಯಿ.

ಗ್ಲಾಸು ಜರ್ಮನಿಯಿಂದ ಬರಬೇಕು ಎಂದು ನಾನು ಹೇಳಲಿಲ್ಲ. ಇಟ್ಟಿಗೆ ಹಿಡಿದವರ ಕೈ ಮಾತ್ರ ಹಿಡಿದುಕೊಂಡೆ. ತಂಗಿ ಮೆಟ್ಟಿಲ ಮೇಲೆ ಕೂತು ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು.

ಒಂದು ಗಂಟೆ ಕಳೆದ ಮೇಲೆ ಮಿಸ್ತ್ರಿ ಬಂದ. ಉಪಕರಣದ ಚೀಲ ತೆಗೆಯಲೂ ಇಲ್ಲ. ಗ್ಲಾಸಿಗೆ ಮುಖ ಒತ್ತಿ, ಒಳಗಿನ ಹಿಡಿಕೆ ತೋರಿಸಿ, ಕೈಯಿಂದ ಎಳೆಯುವ ಅಭಿನಯ ಮಾಡಿದ. ಒಂದು ಸಲ, ಇನ್ನೊಂದು ಸಲ. ನಮ್ಮ ಹುಡುಗಿ ಅವನನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಒಂದು ಬೆರಳೆತ್ತಿದಳು, ಕ್ಲಾಸಿನ ಬಾಗಿಲಿಗೆ ಬಂದ ಜವಾನನಿಗೆ ಎತ್ತುವ ಹಾಗೆ: ಒಂದು ನಿಮಿಷ. ಮತ್ತೆ ಆ ಕಡೆ ತಿರುಗಿ ಮಾತು ಮುಂದುವರಿಸಿದಳು.

ಒಂದಲ್ಲ, ಆರು ನಿಮಿಷವಾಯಿತು. ಬಾಗಿಲು ತೆರೆದುಕೊಂಡಿತು. ತಾಯಿ ಮಗನ ಹಣೆ ಮುಟ್ಟಿ ನೋಡಿದರು. ಅವನು ಅವರ ಕೈ ಸರಿಸಿ, "ಅವ್ವಾ, ನಾನು ತಯಾರದೀನಿ," ಎಂದ. ಎಲ್ಲರೂ ನಮ್ಮ ಹುಡುಗಿಯ ಕಡೆ ನೋಡಿದರು. "ನಾನೂ," ಎಂದಳು. ತಂಗಿ ಮೆಟ್ಟಿಲ ಮೇಲೇ ಮತ್ತೆ ಅತ್ತಳು, ಈ ಸಲ ಸದ್ದು ಮಾಡಿ.

ಸಕ್ಕರೆ ಹಂಚುವ ಗಡಿಬಿಡಿಯಲ್ಲಿ ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದೆ. "ಏನವಾ, ಎರಡು ಸಲ ಎಳದ್ರ ಬಾಗಲಾ ತಗೀತದಂತ. ನಿಮಗ ಗೊತ್ತs ಆಗಲಿಲ್ಲೇನು?"

"ಆಗಿತ್ತು ಮಾಮಾ. ಐದು ನಿಮಿಷದಾಗs ಅವರು ಒಂದು ಸಲ ಎಳದ್ರು, ಲಾಕಿನ ಗುಬ್ಬಿ ಟಕ್ ಅಂತ ಮ್ಯಾಲೆ ಬಂತು."

"ಮತ್ತ?"

"ನಾನs ಒತ್ತಿ ಮತ್ತ ಕೆಳಗ ಕೂಡಿಸಿದೆ."